ಅಜ್ಜಿ ನುಂಗಿದ ಸಾಲು

ಅರಿಶಿನದ ವಾಸನೆಯ ಸ್ತೋತ್ರದ ಪುಸ್ತಕ ಈಗ ನನ್ನ ಕೈಯಲ್ಲಿದೆ.

ಮರಳಿ ಎಂಬ ಊರಿನ ಮನೆಯಲ್ಲಿ ಅಜ್ಜಿ ಅಡುಗೆ ಮುಗಿಸಿದ ಕೈಯಲ್ಲೇ ಸಾಲುಗಳ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದುತ್ತಿದ್ದಳು. ‘ಹಗೆ ಮರೆತವನೇ’ ಎಂಬಲ್ಲಿ ಮಾತ್ರ ದನಿ ನಿಲ್ಲುತ್ತಿತ್ತು. ದೇವರಿಗೇ ಮೋಸ ಮಾಡುತ್ತಿದ್ದಾಳೆಂದು ನನಗೆ ಗುಮಾನಿ.

ಒಂದು ಮಧ್ಯಾಹ್ನ, ಬಿಸಿಲಲ್ಲಿ ಬಂದ ತನ್ನ ತಂಗಿಯನ್ನು ಬಾಗಿಲಿಂದಲೇ ಕಳಿಸಿ ಅಜ್ಜಿ ಓದಲು ಕೂತಳು. ಆ ಸಾಲು ಬಂತು, ದನಿ ನಿಂತಿತು.

“ಅಜ್ಜಿ, ಒಂದ ಸಾಲು ನುಂಗಿದಿ ನೋಡು!”

“ದೇವರನ್ನ ಹೊಗಳೋದಂದ್ರ ಆ ಗುಣ ನಾವು ಕಲಿಯೋದವ್ವಾ. ಇದೊಂದು ನನಗಿನ್ನೂ ಬಂದಿಲ್ಲ. ಸುಳ್ಳ ಹೆಂಗ ಓದ್ಲಿ?”

ಕಳ್ಳ ನೆಪ ಎಂದುಕೊಂಡೆ.

ಇಂದು ಪುಟ ತೆರೆದರೆ ಪ್ರತಿ ಸಾಲಿಗೂ ತೆಳುವಾದ ಅರಿಶಿನದ ಗೆರೆ. ಆ ಸಾಲಿನಲ್ಲಿ ಮಾತ್ರ ಬೆರಳು ನಿಂತು ನಿಂತು ಕಾಗದ ತೂತಾಗಿದೆ.