ಒಲೆಯ ಮೇಲಿನ ಹಾಲು

ಮಸ್ಕತ್ತಿನಲ್ಲಿ ಈಗ ಸತ್ತವರ ಜೊತೆ ಮಾತಾಡಿಸದ ಸಿಮ್ಮನ್ನು ಯಾರೂ ಕೊಳ್ಳುವುದಿಲ್ಲ. ಮನೆಗೆಲಸಕ್ಕೆಂದು ಕಡಲು ದಾಟಿ ಬಂದ ನೀಲವ್ವನೂ ದೇವರನ್ನು ನೆನೆದು ಅಂಗಡಿ ಹೊಕ್ಕಳು.

"ಅಕ್ಕಾರ, ಈ ಪ್ಲಾನಿನಾಗ ಇಬ್ಬರು ಸಿಗ್ತಾರ," ಎಂದ ಅಂಗಡಿಯ ಮೆಹಬೂಬ. "ಒಬ್ಬರು ಮಾತಾಡ್ತಾರ. ಇನ್ನೊಬ್ಬರು ಬರೇ ಕೇಳಸ್ಕೋತಾರ, ಬಾಯಿ ಬಿಡಾಕ ಬರಂಗಿಲ್ಲ. ಇದು ಯಾರಿಗೂ ಬ್ಯಾಡ."

"ನನಗ ಇದ ಬೇಕೋ ತಮ್ಮಾ."

ತವರಿನಲ್ಲಿ ಅವ್ವ ಸಾಯುವ ಹೊತ್ತಿಗೆ ಫೋನ್ ಮಾಡಿಸಿದ್ದಳು. "ಒಲಿ ಮ್ಯಾಲ ಹಾಲೈತಿ, ಆಮ್ಯಾಲ ಮಾತಾಡೀಯಂತ" ಎಂದು ಗಂಡನ ಮನೆಯಲ್ಲಿ ಅತ್ತೆ ಫೋನ್ ಕಿತ್ತುಕೊಂಡಿದ್ದಳು. ಆ 'ಆಮ್ಯಾಲ' ಬರಲೇ ಇಲ್ಲ. ಈಗ ಅತ್ತೆಯೂ ಇಲ್ಲ.

ನೀಲವ್ವ ಮಾತಾಡಲು ಅವ್ವನ ಹೆಸರು ಬರೆಸಿದಳು, ಕೇಳಲು ಅತ್ತೆಯದು. ಕೋಣೆಗೆ ಬಂದು ಹಾಲಿಟ್ಟು, ಉರಿ ಹೆಚ್ಚಿಸಿ, ಫೋನ್ ಹಚ್ಚಿದಳು.

"ಹೇಳಬೇ ಅವ್ವಾ. ಹಾಲು ಉಕ್ಕಾಕತ್ತೈತಿ, ಉಕ್ಕಲಿ. ಅತ್ತಿ ಕೇಳಾಕತ್ತಾರ."