ಬಾಯಿಬಿಟ್ಟು ಹೇಳಬೇಕು

ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟುಕೊಂಡು ಗುರಲಿಂಗಪ್ಪ ಪೂಜೆಗೆ ಕೂತಿದ್ದಾಗಲೇ ಮೊಬೈಲು ಬಡಿದುಕೊಂಡಿತು. ಮಗಳು ಪ್ರಾಜಕ್ತಾ ಅಡುಗೆಮನೆಯಿಂದ ಓಡಿ ಬಂದಳು. “ಅಪ್ಪಾ, ವಿಮಾ ಕಂಪನಿಯವರದು!” ಗುರಲಿಂಗಪ್ಪ ಯಾವಾಗಲೋ ಯಾವುದೋ ಕಾಗದಕ್ಕೆ ಸಹಿ ಹಾಕಿ ಅಂಟಿಸಿಕೊಂಡ ವಿಮೆ. ಅದರ ವರ್ಷದ ಕಂತು ನಾಳೆ ತಾನಾಗಿಯೇ ಖಾತೆಯಿಂದ ಕಟ್ಟಾಗುತ್ತದೆ. ಇವಳ ನರ್ಸಿಂಗ್ ಕಾಲೇಜಿನ ಫೀಸಿನ ರೊಕ್ಕ ಇರುವುದೂ ಅದೇ ಖಾತೆಯಲ್ಲಿ. ವಿಮೆ ನಿಲ್ಲಿಸಲು ತಿಂಗಳಿಡೀ ನಿಲಂಗಾದ ವಿಮಾ ಕಚೇರಿಗೆ ಅಲೆದ ಮೇಲೆ ಬಂದ ಫೋನು ಇದು.

ಪ್ರಾಜಕ್ತಾ ಸ್ಪೀಕರ್ ಹಾಕಿದಳು. ಹುಡುಗಿಯೊಬ್ಬಳು ಮರಾಠಿಯಲ್ಲಿ ಸವಿಯಾಗಿ ಕೇಳಿದಳು: ವಿಮೆ ಬಂದ್ ಮಾಡಬೇಕೆ? ಹಾಗಿದ್ದರೆ ಖಾತೆದಾರರೇ ಬಾಯಿಬಿಟ್ಟು ‘ಹೋ’, ಅಂದರೆ ಹೌದು, ಎನ್ನಬೇಕು, ರೆಕಾರ್ಡ್ ಆಗುತ್ತದೆ.

“ಹೋ, ಹೋ!” ಎಂದಳು ಪ್ರಾಜಕ್ತಾ. ನೀವಲ್ಲ, ಅವರೇ ಅನ್ನಬೇಕು ಎಂದಿತು ಫೋನು. ಪೂಜೆ ಮುಗಿಯಲಿ, ಹತ್ತು ನಿಮಿಷ ಬಿಟ್ಟು ಮಾಡಿ ಎಂದು ಬೇಡಿಕೊಂಡಳು. ಹಾಗೆ ಮತ್ತೆ ಮಾಡಲು ಬರುವುದಿಲ್ಲವಂತೆ.

“ಅಪ್ಪಾ, ಕೈ ಮುಗಿತೀನಿ, ಒಂದ್ಸಲ ಹೋ ಅನ್ನಪ್ಪಾ! ಶಿವಾ ಏನೂ ಅನ್ನಂಗಿಲ್ಲ.”

ದೀಕ್ಷೆಯಾದ ದಿನದಿಂದ ಇಂದಿನವರೆಗೆ ಲಿಂಗ ಅಂಗೈಯಲ್ಲಿದ್ದಾಗ ಗುರಲಿಂಗಪ್ಪ ತುಟಿ ಬಿಚ್ಚಿದವನಲ್ಲ. ಅವನು ಫೋನಿನ ಕಡೆ ತಿರುಗಿ ಹೌದೆಂದು ತಲೆಯಾಡಿಸಿದ. ಮತ್ತೆ ಆಡಿಸಿದ, ಇನ್ನೂ ಜೋರಾಗಿ, ಹಣೆಯ ವಿಭೂತಿ ಉದುರುವಷ್ಟು.

“ಹಲೋ? ಸರ್, ಹಲೋ?”

ಉತ್ತರ ಬಾರದ ಕಾರಣ ವಿಮೆ ಮುಂದುವರಿಯುತ್ತದೆ, ಧನ್ಯವಾದ ಎಂದಳು ಹುಡುಗಿ. ಪ್ರಾಜಕ್ತಾಳ ಕೈಯಲ್ಲಿ ಫೋನು ಕಪ್ಪಾಯಿತು. ಅದರ ಮುಂದೆ ಗುರಲಿಂಗಪ್ಪ ಇನ್ನೂ ತಲೆಯಾಡಿಸುತ್ತಲೇ ಇದ್ದ.