ಯಜಮಾನರ ಬೆರಳು

ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದ ಮರುದಿನ ಬೆಳಗ್ಗೆ ಟೈಲರಮ್ಮ ಶುಗರ್ ನೋಡುವ ಮಷೀನನ್ನು ಎಡಗೈಯಲ್ಲಿ ತಳ್ಳಿ ಗಂಡನ ಮುಂದಿಟ್ಟಳು.

"ತಗೊಳ್ಳಿ. ಇನ್ನು ಮೇಲೆ ನಿಮ್ಮ ಬೆರಳು ನೀವೇ ಚುಚ್ಕೋಬೇಕು."

ಯಜಮಾನರ ಮುಖ ಬಿಳಿಚಿಕೊಂಡಿತು. ನಿವೃತ್ತಿಯಾಗುವವರೆಗೂ ಬೆಟ್ಟದ ರಸ್ತೆಯಲ್ಲಿ ಬಸ್ಸು ಓಡಿಸಿದ ಮನುಷ್ಯ ಅವರು. ಆದರೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಒಮ್ಮೆಯೂ ತಮ್ಮ ಬೆರಳಿನ ರಕ್ತವನ್ನು ಕಣ್ಣಿಟ್ಟು ನೋಡಿದವರಲ್ಲ. ಬೆಳಗಾದರೆ ಕೈ ಚಾಚುವುದು, ಮುಖವನ್ನು ಕಿಟಕಿಯ ಕಡೆ ತಿರುಗಿಸಿ "ಆಯ್ತೇನೇ?" ಎನ್ನುವುದು, ಅಷ್ಟೇ ಅವರ ಪಾಲಿನ ಕೆಲಸ. ಉಳಿದದ್ದೆಲ್ಲ ಹೆಂಡತಿಯದು. ಹೊಲಿಗೆಯಲ್ಲೇ ಜೀವ ಸವೆಸಿದವಳಿಗೆ ಸೂಜಿ ಯಾವ ಲೆಕ್ಕ!

ಕೆಲಸಕ್ಕೆ ಹೊರಟಿದ್ದ ಮಗಳು ಚೀಲ ಕೆಳಗಿಟ್ಟಳು. "ಅಪ್ಪಂಗೆ ಇದೆಲ್ಲ ಆಗಲ್ಲಮ್ಮ. ಕೊಡು, ದಿನಾ ನಾನೇ ನೋಡಿ ಹೋಗ್ತೀನಿ."

"ನೀನು ಹೊರಡು, ಹೊತ್ತಾಯ್ತು."

"ನಿಂದೊಂದು ಹಟ!"

ಹಟವೇ. ಬಚ್ಚಲಲ್ಲಿ ಕಾಲು ಜಾರಿ ಬಿದ್ದಾಗ ಅವಳಿಗೆ ಕೈಯ ನೋವಿಗಿಂತ ಮೊದಲು ಹೊಳೆದದ್ದು ಬೇರೆಯೇ. ನಾನು ಏಳದೇ ಹೋದರೆ ಇವರ ಗತಿ? ಮಗಳು ಬೆಳಗ್ಗೆ ನೋಡಿ ಹೋದಾಳು. ಹಗಲೆಲ್ಲ ಇವರು ಯಾರ ಮುಖ ನೋಡುತ್ತ ಕೂರಬೇಕು? ಮಗಳನ್ನು ಬಾಗಿಲು ದಾಟಿಸಿ ಅವಳು ಗಂಡನ ಕಡೆ ತಿರುಗಿದಳು.

"ಕೈ ತೊಳೆದು ಚೆನ್ನಾಗಿ ಒರೆಸ್ಕೊಂಡು ಬನ್ನಿ. ಬೆರಳ ತುದೀಲಿ ಬೇಡ ರೀ, ನೋವು ಜಾಸ್ತಿ. ಒಂಚೂರು ಪಕ್ಕದಲ್ಲಿ."

"ಕೈ ನಡುಗ್ತಿದೆ ಕಣೇ."

"ನಡುಗಲಿ. ಮೊದಲನೇ ದಿನ ಬಸ್ಸು ಓಡಿಸುವಾಗ ನಡುಗಿರಲಿಲ್ವಾ?"

"ಆಗ ಪಕ್ಕದಲ್ಲಿ ಕಲಿಸೋರು ಕೂತಿದ್ರು."

"ಮತ್ತೆ ನಾನೇನು ಟಿಕೆಟ್ ಹರಿಯೋಕೆ ಕೂತಿದ್ದೀನಾ?"

ಯಜಮಾನರಿಗೆ ನಗು ಉಕ್ಕಿತು. ಆ ನಗುವಿನ ನಡುವೆಯೇ ಚುಚ್ಚುವ ಪೆನ್ನು ಟಕ್ಕೆಂದಿತು. ಹನಿ ಸಾಲದೆ ಮೊದಲ ಸ್ಟ್ರಿಪ್ ಹಾಳಾಯಿತು. ಎರಡನೆಯದರಲ್ಲಿ ಅಂಕಿ ಮೂಡಿತು. ಅವರು ಕನ್ನಡಕ ಏರಿಸಿಕೊಂಡು ಅದನ್ನೇ ನೋಡುತ್ತ ಕೂತರು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆಯನ್ನು ಕೇಳಿದರು. "ಇದು ಜಾಸ್ತೀನಾ, ಕಮ್ಮೀನಾ?"

ಅಲ್ಲಿಂದ ಅವರು ಬಿಡಲೇ ಇಲ್ಲ. ಎಷ್ಟಿದ್ದರೆ ಒಳ್ಳೆಯದು, ಏರಿದರೆ ಏನು, ಇಳಿದರೆ ಏನು ಮಾಡಬೇಕು ಎಂದು ಕೆದಕಿ ಕೆದಕಿ ಕೇಳಿದರು. ಎರಡನೇ ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿದು, "ಸಾಕು, ನಾಳೆ ಮಷೀನ್ ಬೈಯುತ್ತೆ" ಎನ್ನುವಷ್ಟಾದರು. ಮಗಳಿಗೆ ಮಾತ್ರ ಇನ್ನೂ ನಂಬಿಕೆ ಸಾಲದು. "ನೋಡೋಣ, ಎಷ್ಟು ದಿನ ನಡೆಯುತ್ತೋ" ಎನ್ನುತ್ತಿದ್ದಳು.

ಪ್ಲಾಸ್ಟರ್ ತೆಗೆಸುವ ದಿನ ತಾಯಿ ಮಗಳಿಬ್ಬರೂ ಆಸ್ಪತ್ರೆಗೆ ಹೋದರು. ಸರದಿ ಉದ್ದವಿತ್ತು, ಊಟದ ಹೊತ್ತು ಮೀರಿತು. ಪ್ಲಾಸ್ಟರ್ ಕತ್ತರಿಸುವವನು ಆಗಷ್ಟೇ ಕೆಲಸ ಶುರು ಮಾಡಿದ್ದಾಗ ಫೋನ್ ಬಂತು. ಮಗಳು ಸ್ಪೀಕರ್ ಹಾಕಿ ಅದನ್ನು ಅಮ್ಮನ ಮುಂದೆ ಹಿಡಿದಳು.

"ಗಾಬರಿಯಾಗ್ಬೇಡ, ಕೇಳು." ಯಜಮಾನರ ದನಿ ಎಲ್ಲೋ ದೂರದಿಂದ ಬಂದಂತಿತ್ತು. "ಮೈಯೆಲ್ಲ ಬೆವೆತುಹೋಯ್ತು, ಕಣ್ಣು ಮಂಜಾಯ್ತು. ತಕ್ಷಣ ಚುಚ್ಚಿ ನೋಡ್ಕೊಂಡೆ. ಐವತ್ತೆಂಟಕ್ಕೆ ಇಳಿದಿದೆ."

ಟೈಲರಮ್ಮ ಫೋನಿನತ್ತ ಬಾಗಿದಳು. "ಸಕ್ಕರೆ ನೀರು..."

"ಕುಡಿದಾಯ್ತು. ಮಾತ್ರೆ ನುಂಗಿ, ನೀವಿಬ್ಬರೂ ಬರಲಿ ಅಂತ ಊಟಕ್ಕೆ ಕಾಯ್ತಾ ಕೂತೆ. ಅದೇ ಎಡವಟ್ಟಾಯ್ತು. ಯಾರಾದ್ರೂ ಒಳಗೆ ಬರೋ ಹಾಗಿರ್ಲಿ ಅಂತ ಬಾಗಿಲ ಚಿಲಕ ತೆಗೆದಿಟ್ಟಿದ್ದೀನಿ. ಈಗ ಫೋನ್ ಇಡು, ಕಾಲು ಗಂಟೆ ಬಿಟ್ಟು ಇನ್ನೊಂದ್ಸಲ ನೋಡ್ಬೇಕು."

ಮಗಳು ಆಗಲೇ ಎದ್ದು ನಿಂತಿದ್ದಳು. "ಏಳಮ್ಮ, ಹೋಗೋಣ! ಅಪ್ಪ ಒಬ್ರೇ ಇದ್ದಾರೆ!"

"ಇವರಿದನ್ನ ಬಿಡಿಸೋವರೆಗೆ ಹೇಗೆ ಏಳಲಿ? ತಡಿ."

ತಾನು ಹೇಳಿಕೊಟ್ಟಿದ್ದರಲ್ಲಿ ಏನಾದರೂ ಬಿಟ್ಟುಹೋಗಿದೆಯೇ ಎಂದು ಟೈಲರಮ್ಮ ಮನಸ್ಸಿನಲ್ಲೇ ತಡಕಾಡಿದಳು. ಯಾವುದೂ ಬಿಟ್ಟಿರಲಿಲ್ಲ. ಬಾಗಿಲ ಚಿಲಕದ ಮಾತನ್ನಂತೂ ಅವಳು ಹೇಳಿಕೊಟ್ಟೇ ಇರಲಿಲ್ಲ. ಅದು ಅವರದೇ ಬುದ್ಧಿ.

ಪ್ಲಾಸ್ಟರಿನ ಕೊನೆಯ ಚೂರು ಕಳಚಿ ಬೀಳುವಾಗ ಫೋನ್ ಮತ್ತೆ ಬಡಿದುಕೊಂಡಿತು. ಈ ಸಲ ದನಿ ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು.

"ನೂರಾ ಎರಡು. ತಟ್ಟೆ ಹಾಕ್ಕೊಂಡು ಕೂತಿದ್ದೀನಿ, ನಿಮಗೆ ಕಾಯಲ್ಲ."

ಮಗಳು ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. "ಅಪ್ಪಾನೇನಮ್ಮ ಇದು?" ಎಂದಳು.

ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಪ್ಲಾಸ್ಟರಿನವನು ಪಾಪ ಎನಿಸಿ ವಿಚಾರಿಸಿದ. "ಮನೇಲಿ ಯಜಮಾನ್ರನ್ನ ನೋಡ್ಕೊಳ್ಳೋಕೆ ಯಾರಿದ್ದಾರಮ್ಮ?"

ಟೈಲರಮ್ಮ ಬಿಡುಗಡೆಯಾದ ಬೆರಳುಗಳನ್ನು ಒಮ್ಮೆ ಮಡಚಿ ಬಿಡಿಸಿದಳು. ಬೆನ್ನು ನೆಟ್ಟಗೆ ಮಾಡಿ ಕೂತಳು.

"ಅವರೇ ಇದ್ದಾರೆ" ಎಂದಳು.